ದಿಬ್ಬ ಕಚ್ಚಿದ ಟ್ರ್ಯಾಕ್ಟರ್

ಹೆಡತಲೆ ಕಡೆಯಿಂದ ನರಸೀಪುರಕ್ಕೆ ಅಡ್ಡದಾರಿ ಹಿಡಿದವರಿಗೆ ದಿಬ್ಬದಹುಂಡಿ ಸಿಗುವುದಕ್ಕೆ ಮೊದಲು ಅದರ ದಿಬ್ಬ ಸಿಗುತ್ತದೆ. ಮೂರು ಲೋಕದಲ್ಲಿ ಹುಡುಕಿದರೂ ಅಂಥ ದಿಬ್ಬ ಇನ್ನೊಂದಿಲ್ಲ. ಮೇಲೆ ನಿಂತು ಮೂಡಲಿಗೆ ಕಣ್ಣು ಕಿರಿದು ಮಾಡಿದರೆ ಮುಡುಕುತೊರೆಯ ಬೆಟ್ಟ, ಪಡುವಲಿಗೆ ತಿರುಗಿದರೆ ನಂಜನಗೂಡಿನ ಗೋಪುರ, ಹಿಮ್ಮಡಿಯನ್ನು ಇನ್ನೊಂದಿಷ್ಟು ಎತ್ತಿದರೆ ಅರಬ್ಬೀ ಸಮುದ್ರವೂ ಕಾಣುತ್ತದೆ. ಕಾಣದವರು ಕನ್ನಡಕ ಬದಲಾಯಿಸಬೇಕು ಅಷ್ಟೆ. ಯಾವನೋ ಪಾಳೇಗಾರ ಕಟ್ಟಿಸಿದ ಮಣ್ಣಿನ ಕೋಟೆಯಂತೆ ಅದು. ಪಾಳೇಗಾರನ ಹೆಸರು ಊರಿನಲ್ಲಿ ಒಬ್ಬರಿಗೂ ಗೊತ್ತಿಲ್ಲ, ಆದರೆ ಅವನ ಮೀಸೆಯ ಉದ್ದ ಎಲ್ಲರಿಗೂ ಗೊತ್ತು. ಗಾಡಿಯ ನೊಗದಷ್ಟು. ಎರಡೂ ತುದಿಗೆ ಒಂದೊಂದು ನಿಂಬೆಹಣ್ಣು ಸಿಕ್ಕಿಸಿಕೊಂಡು ಕುದುರೆ ಹತ್ತುತ್ತಿದ್ದನಂತೆ.

ಈಗ ಕುದುರೆಯೂ ಇಲ್ಲ, ಬಾಗಿಲೂ ಇಲ್ಲ, ಬುರುಜೂ ಇಲ್ಲ. ಉಳಿದಿರುವುದು ಒಂದು ದೊಡ್ಡ ದಿಬ್ಬ, ಅದರ ಮಗ್ಗುಲಿಗೆ ಒತ್ತಿಕೊಂಡ ತಗ್ಗಾದ ಒಂದು ಏರಿ, ಎರಡನ್ನೂ ಬಳಸಿಕೊಂಡು ಹೋಗುವ ಕಂದಕ. ಕಂದಕ ಎಂದರೆ ಮೊಸಳೆ ಈಜುವ ಕಂದಕವಲ್ಲ. ಮುಕ್ಕಾಲು ಮುಚ್ಚಿಹೋಗಿ, ಎಮ್ಮೆ ಇಳಿದು ಎಮ್ಮೆ ಹತ್ತುವ ಹಳ್ಳ. ಒಂದು ಕಡೆ ಕಾಣಿಸಿಕೊಂಡು, ಇನ್ನೊಂದು ಕಡೆ ಯಾರದೋ ಹೊಲದೊಳಗೆ ಕಾಣೆಯಾಗುತ್ತದೆ.

ದಿಬ್ಬದ ಪಡುವಣ ಮಗ್ಗುಲಿಗೆ ಅಂಟಿಕೊಂಡಿರುವುದು ಸೋಮಶೇಖರನ ರಸಬಾಳೆ ತೋಟ. ಸೋಮಶೇಖರನಿಗೆ ವಯಸ್ಸು ನಲವತ್ತಾರು, ಅವನ ಹೊಟ್ಟೆಗೆ ಅರವತ್ತು, ಬಾಯಿಗೆ ಹದಿನೆಂಟು. ತೋಟದಲ್ಲಿ ನಿಂತು ಅವನು ಸೀನಿದರೆ ಪಕ್ಕದ ಹದಿನಾರು ಎಂಬ ಊರಿನಲ್ಲಿ ಮಲಗಿದ್ದ ನಾಯಿ ಎದ್ದು ಕೂರುತ್ತದೆ. ನಂಜನಗೂಡು ರಸಬಾಳೆಯ ಹೆಸರು ಕೇಳಿದವರು ಕೋಟಿ ಇರಬಹುದು, ತಿಂದವರು ಸಾವಿರ ಇರಬಹುದು, ಬೆಳೆಯುವವರು ಮಾತ್ರ ಬೆರಳಲ್ಲಿ ಎಣಿಸುವಷ್ಟು. ಸೊರಗು ರೋಗ ಬಂದು ತೋಟ ತೋಟಗಳನ್ನೇ ಉಂಡುಬಿಟ್ಟಾಗ ಸೋಮಶೇಖರನ ಅಪ್ಪನ ಕಾಲದ ಗಿಡಗಳೂ ಹಳದಿಯಾಗಿ ಮಲಗಿದವು. ಅವನ ಅವ್ವ ಬಚ್ಚಲ ಹಿಂದೆ ನೆಟ್ಟಿದ್ದ ಒಂದೇ ಒಂದು ಬುಡ ಹೇಗೋ ಬದುಕಿತ್ತು. ಆಕೆ ಸಾಯುವ ವರ್ಷ ಅದರ ಕಂದುಗಳನ್ನು ಕಿತ್ತು ದಿಬ್ಬದ ಮಗ್ಗುಲಲ್ಲಿ ನೆಡಿಸಿದಳು. ಆ ಕಂದುಗಳು ಮರಿ ಹಾಕಿ ಹಾಕಿ ಈಗ ನೂರಿಪ್ಪತ್ತು ಗಿಡ. ಸೋಮಶೇಖರ ಹೇಳುವಾಗ ಅದು ಎರಡು ಸಾವಿರ. ಅವನ ಗೊನೆಗಳನ್ನು ಇಳಿಸಲು ಕ್ರೇನ್ ಬೇಕಂತೆ. ಹಣ್ಣಿನ ವಾಸನೆಗೆ ಮೈಸೂರಿನ ಬಸ್ಸುಗಳು ದಾರಿ ತಪ್ಪಿ ಬಂದದ್ದೂ ಉಂಟಂತೆ.

ಗಿಡ ಸೊರಗದೆ ನಿಂತಿರುವುದು ದಿಬ್ಬದ ಮಣ್ಣಿನಿಂದ ಎನ್ನುವುದು ಅವನ ನಂಬಿಕೆ. ನಂಬಿಕೆ ಎಂದರೆ ಸಣ್ಣ ಮಾತಾಯಿತು. ಅವನ ಮಟ್ಟಿಗೆ ಅದೇ ವೇದ. ಊರಿಗೆಲ್ಲ ಆ ಮಣ್ಣಿನ ಮೇಲೆ ಆಸೆಯೇ. ಕೋಟೆಯೊಳಗೆ ನೂರಾರು ವರ್ಷ ಜನ ಉಂಡು, ಒಲೆ ಉರಿಸಿ, ದನ ಕಟ್ಟಿ ಬಿಟ್ಟುಹೋದ ಬೂದಿ ಬಣ್ಣದ ಮಣ್ಣು, ಗೊಬ್ಬರಕ್ಕಿಂತ ಗೊಬ್ಬರ. ಹಾಳುಮಣ್ಣು ಅನ್ನುತ್ತಾರೆ. ಯುಗಾದಿ ಕಳೆದು ಹೊನ್ನಾರು ಕಟ್ಟುವ ದಿನ, ಅಂದರೆ ವರ್ಷದ ಮೊದಲ ಉಳುಮೆಯ ದಿನ, ಮನೆಗೊಂದು ಮಂಕರಿ ಹಾಳುಮಣ್ಣು ತೆಗೆದು ಹೊಲಕ್ಕೆ ಹಾಕುವುದು ದಿಬ್ಬದಹುಂಡಿಯ ರೂಢಿ. ಒಂದೇ ಮಂಕರಿ. ಬಿದಿರಿನ ಆ ಮಂಕರಿ ಇರುವುದು ರಾಮಮ್ಮನ ಮನೆಯಲ್ಲಿ. ಎಪ್ಪತ್ತೆಂಟರ ರಾಮಮ್ಮ ಅವತ್ತು ದಿಬ್ಬದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ಒಬ್ಬೊಬ್ಬರಿಗೂ ಅಳೆದು ಕೊಡುತ್ತಾಳೆ. ಮಂಕರಿಯ ಬಾಯಿಗಿಂತ ಒಂದು ಹಿಡಿ ಹೆಚ್ಚಾದರೆ ಅವಳ ಅಂಗೈ ಬಂದು ಸವರಿಬಿಡುತ್ತದೆ. ಸೂರ್ಯ ಬಂದು ಕೇಳಿದರೂ ಅಷ್ಟೇ, ಚಂದ್ರ ಬಂದು ಕೇಳಿದರೂ ಅಷ್ಟೇ.

ಸೋಮಶೇಖರನಿಗೆ ಒಂದು ಮಂಕರಿ ಯಾವ ಮೂಲೆಗೆ? ಮೂರು ವರ್ಷದ ಹಿಂದೆ ಅವನಿಗೊಂದು ಜ್ಞಾನೋದಯವಾಯಿತು. ಮಂಕರಿ ಎಂದರೇನು? ಮಣ್ಣು ತುಂಬುವ ಪಾತ್ರೆ. ಟ್ರೇಲರ್ ಎಂದರೇನು? ಅದೂ ಮಣ್ಣು ತುಂಬುವ ಪಾತ್ರೆ. ಬಿದಿರಿನ ಬದಲು ತಗಡು, ತಲೆಯ ಬದಲು ಚಕ್ರ. ಅಲ್ಲಿಂದೀಚೆಗೆ ಊರೆಲ್ಲ ಮುದ್ದೆ ಉಂಡು ಮಲಗುವ ಮಧ್ಯಾಹ್ನಗಳಲ್ಲಿ ಅವನ ಟ್ರ್ಯಾಕ್ಟರ್ ತೋಟದ ಕಡೆಯಿಂದ ದಿಬ್ಬದ ಬುಡಕ್ಕೆ ಬಾಯಿ ಹಾಕತೊಡಗಿತು. ಬಾಳೆಯ ಮರೆ, ಲಂಟಾನದ ಪೊದೆಯ ಮರೆ, ಊರಿಗೆ ಕಾಣುವುದಿಲ್ಲ. ಮೂರು ವರ್ಷದಲ್ಲಿ ಪಡುವಣ ಮಗ್ಗುಲು ಯಾರೋ ರಾಕ್ಷಸ ಹೋಳಿಗೆ ಕಚ್ಚಿದ ಹಾಗೆ ಆಗಿತ್ತು. ದಸರಾ ಆನೆ ಮೂರು, ಅಂಬಾರಿ ಸಮೇತ, ಅದರೊಳಗೆ ನಿಂತು ಬೆನ್ನು ಕೆರೆದುಕೊಳ್ಳಬಹುದಿತ್ತು.

ಇಷ್ಟರಲ್ಲಿ ರಸ್ತೆ ಅಗಲ ಮಾಡುವ ಕಂಟ್ರಾಕ್ಟರನ ಕಣ್ಣು ದಿಬ್ಬದ ಮೇಲೆ ಬಿತ್ತು. ಸರ್ಕಾರಿ ಖರಾಬು ಜಮೀನು, ತಾನಾಗಿಯೇ ಬೆಳೆದ ಮಣ್ಣುಗುಡ್ಡ, ರಸ್ತೆಗೆ ತುಂಬಲು ಪ್ರಶಸ್ತ ಎಂದು ಅವನು ಅರ್ಜಿ ಹಾಕಿದ. ಟಿಪ್ಪರ್‌ಗಳು ಬಂದರೆ ಹದಿನೈದೇ ದಿನ, ದಿಬ್ಬದ ಜಾಗದಲ್ಲಿ ಕೇರಂ ಆಡಬಹುದು. ಸೋಮಶೇಖರನಿಗೆ ಕಣ್ಣ ಮುಂದೆ ನೂರಿಪ್ಪತ್ತು ಗಿಡ ಒಟ್ಟಿಗೆ ಹಳದಿಯಾದವು. ಅವ್ವ ಬಿಟ್ಟುಹೋದ ಬಾಳೆ ಅವನ ಕೈಯಲ್ಲಿ ಮುಗಿದುಹೋಗುವುದೆಂದರೆ! ಕೂತು ತಾನೇ ಪುರಾತತ್ವ ಇಲಾಖೆಗೆ ಅರ್ಜಿ ಬರೆದ: ಇದು ಐತಿಹಾಸಿಕ ಕೋಟೆ, ಎತ್ತರ ಎಂಬತ್ತು ಅಡಿ, ಸುತ್ತಳತೆ ಎರಡು ಮೈಲಿ, ನೋಡಲು ದೇಶ ವಿದೇಶದ ಜನ ಬರುತ್ತಾರೆ. ಬಂದಿದ್ದ ವಿದೇಶದವನು ಒಬ್ಬನೇ, ಅವನೂ ಸೈಕಲ್ ಪಂಕ್ಚರ್ ಆಗಿ ನಿಂತವನು.

ಭಾನುವಾರ ಬೆಳಿಗ್ಗೆ ಪಂಚಾಯ್ತಿ ಮೆಂಬರು ಪುಟ್ಟರಾಜು ಏದುಸಿರು ಬಿಡುತ್ತ ತೋಟಕ್ಕೇ ಬಂದ. ಇವನೂ ಸೋಮಶೇಖರನೂ ಒಂದೇ ಬೆಂಚಿನಲ್ಲಿ ಓದಿ ಒಂದೇ ಸಲ ಫೇಲಾದವರು.

"ಲೇ ಸೋಮ, ನಿನ್ ಅರ್ಜಿ ಪಾಸಾಗೋಯ್ತು ಕಣ್ಲಾ! ಬುಧವಾರ ಮೈಸೂರಿಂದ ಮೇಡಮ್ಮು ಬತ್ತಾರಂತೆ, ಕ್ವಾಟೆ ಅಳ್ಯಾಕೆ."

"ಬರ್ಲಿ ಬುಡ್ಲಾ. ಎಂಬತ್ತಡಿ ಅಂತ ಬರ್ದಿವ್ನಿ. ಟೇಪು ಸಾಲ್ದೆ ಓದ್ರೆ ನಮ್ಮನೆ ಅಗ್ಗ ಕೊಡುಮ."

"ಎತ್ತರ ಮನೆ ಹಾಳಾಗ್ಲಿ, ಇದುಕ್ಕೇನ್ ಏಳೀಯೆ?" ಪುಟ್ಟರಾಜು ಬಾಳೆ ಎಲೆ ಸರಿಸಿ ಕಚ್ಚಿದ ಜಾಗವನ್ನು ತೋರಿಸಿದ. "ಕ್ವಾಟೇನ ಕಾಪಾಡಿ ಅಂತ ಅರ್ಜಿ ಕೊಟ್ಟವ್ನೇ ಕ್ವಾಟೆ ತಿಂದವ್ನೆ ಅಂದ್ರೆ, ಮೇಡಮ್ಮು ಮೊದ್ಲು ನಿನ್ನೇ ಜೀಪ್ಗೆ ಆಕ್ಕತಾರೆ."

ಸೋಮಶೇಖರ ಮೊದಲ ಸಲ ಕಚ್ಚನ್ನು ಬೇರೆಯವರ ಕಣ್ಣಿನಿಂದ ನೋಡಿದ. ದೊಡ್ಡದಾಗಿತ್ತು. ಅವನ ಬಾಯಿಗಿಂತಲೂ ದೊಡ್ಡದಾಗಿತ್ತು.

ಸಂಜೆ ಟೀ ಅಂಗಡಿಯ ಮುಂದೆ ಊರು ಸೇರಿತು. ಸೋಮಶೇಖರ ಬೆಂಚಿನ ಮೇಲೆ ನಿಂತ. "ನೋಡ್ರಪ್ಪಾ, ಟಿಪ್ಪರ್ ಬರಬಾರ್ದು ಅಂದ್ರೆ ದಿಬ್ಬ ದುಂಡುಗೆ ಕಾಣ್ಬೇಕು. ಪಡುವಲ ಕಡೆ ಒಸಿ ಕುಸ್ದದೆ. ನಾಳೆ ಮನೆಗೊಂದು ಮಂಕರಿ ಮಣ್ಣು ವಾಪಸ್ ತಂದು ಆಕುಮ. ಇಷ್ಟ್ ವರ್ಷ ತಿಂದಿವ್ವಿ, ಒಂದಿನ ಉಣ್ಸುಮ."

"ಕುಸ್ದದೆ ಅಂದ್ರೆ?" ಹಿಂದಿನಿಂದ ರಾಮಮ್ಮನ ದನಿ ಬಂತು. ಆ ದನಿಗೆ ಊರಿನ ಕೋಳಿಗಳೂ ಮೊಟ್ಟೆ ಇಡುವುದನ್ನು ನಿಲ್ಲಿಸುತ್ತವೆ.

"ಮಳೆ ಕನವ್ವಾ. ಓದ್ವರ್ಸ ಪಡುವಲ ಮಳೆ ಎಂಗ್ ವಡೀತು ನೀನೇ ನೋಡ್ಲಿಲ್ವಾ?"

"ನೋಡ್ದೆ, ನೋಡ್ದೆ. ಆ ಮಳೆಗೆ ನಾಕು ಚಕ್ರ ಇದ್ವಲ್ಲಾ, ಅದೇ ತಾನೆ?"

ಊರೆಲ್ಲ ನಕ್ಕಿತು. ಸೋಮಶೇಖರನೂ ಎಲ್ಲರಿಗಿಂತ ಜೋರಾಗಿ ನಕ್ಕ. ಬೇರೆ ದಾರಿ ಇರಲಿಲ್ಲ. ಟಿಪ್ಪರ್ ಬೇಡ ಎನ್ನುವುದರಲ್ಲಿ ಮಾತ್ರ ಎಲ್ಲರದೂ ಒಂದೇ ಮಾತು. ಹಾಗಾಗಿ ಸೋಮವಾರ ಬೆಳಗಾಗುವ ಹೊತ್ತಿಗೆ ದಿಬ್ಬದಹುಂಡಿಯ ಜನ ಸಾಲು ಹಿಡಿದು ಬಂದರು. ಲಂಕೆಗೆ ಸೇತುವೆ ಕಟ್ಟುವಾಗಲೂ ಅಷ್ಟು ಉತ್ಸಾಹ ಇದ್ದಿರಲಾರದು. ಒಬ್ಬ ಕೆರೆಯ ಗೋಡು ತಂದ. ಒಬ್ಬಳು ತಿಪ್ಪೆ ಬಗೆದು ತಂದಳು. ಒಬ್ಬ ಬಿದ್ದ ಹಟ್ಟಿಗೋಡೆಯನ್ನೇ ಹೊತ್ತು ತಂದ. ಪುಟ್ಟರಾಜು ಚರಂಡಿ ಹೂಳು ತೆಗೆಸಿದ್ದ ಮಣ್ಣನ್ನು ಆರು ಟ್ರೇಲರ್ ಸುರಿಸಿದ. ಸಂಜೆಗೆ ಕಚ್ಚು ತುಂಬಿ, ಗುದ್ದಲಿಯ ಬೆನ್ನಿನಿಂದ ತಟ್ಟಿ, ಮೇಲೆ ಗರಿಕೆ ಹೆಂಟೆ ಕೂರಿಸಿ, ನೀರು ಚಿಮುಕಿಸಿದ ಮೇಲೆ ಆ ಮಗ್ಗುಲು ಬ್ಯೂಟಿ ಪಾರ್ಲರ್‌ನಿಂದ ಈಗಷ್ಟೇ ಎದ್ದುಬಂದ ಮದುವಣಗಿತ್ತಿಯಂತೆ ಹೊಳೆಯುತ್ತಿತ್ತು. ಉಳಿದ ಮೂರು ಮಗ್ಗುಲು ಅವಳ ಅತ್ತೆಯರಂತೆ ಒಣಗಿ ನಿಂತಿದ್ದವು. ಈ ವ್ಯತ್ಯಾಸ ಯಾರ ತಲೆಗೂ ಹೋಗಲಿಲ್ಲ.

ಅವತ್ತು ಊಟಕ್ಕೆ ಕೂತಾಗ ಹೆಂಡತಿ ಸರ್ವಮಂಗಳಾ ಕೇಳಿದಳು. "ರೀ, ಇಲಾಖೆಯೋರು ಬೋರ್ಡ್ ಹಾಕುದ್ರೆ ಆಮೇಲೆ ನಿಮ್ಗೆ ಮಣ್ಣು ತಗಿಯಾಕೆ ಬುಟ್ಟಾರಾ?"

"ಬೋರ್ಡು ಬೋರ್ಡ್ ಪಾಡ್ಗೆ ಇರ್ತದೆ, ಮಂಕರಿ ಮಂಕರಿ ಪಾಡ್ಗೆ ಇರ್ತದೆ ಕಣೆ. ಬೋರ್ಡೇನ್ ಎದ್ದು ಬಂದು ಕೈ ಹಿಡ್ಕಂಡದಾ?"

ಸರ್ವಮಂಗಳಾ ಇನ್ನೊಂದು ಮುದ್ದೆ ಹಾಕಿ ಒಳಗೆ ಹೋದಳು.

ಬುಧವಾರ ಹತ್ತು ಗಂಟೆಗೆ ಜೀಪು ಬಂತು. ಇಳಿದದ್ದು ಶೃತಿ ಎಂಬ ಅಧಿಕಾರಿ. ಮೂವತ್ತರ ಆಸುಪಾಸು, ತಲೆಗೆ ಬಟ್ಟೆ ಟೋಪಿ, ಕಾಲಿಗೆ ಮಣ್ಣು ಮೆತ್ತಿದ ಬೂಟು. ಸೋಮಶೇಖರ ಆರತಿಯೊಂದು ಬಿಟ್ಟು ಎಲ್ಲ ಸಿದ್ಧ ಮಾಡಿಸಿದ್ದ. ಹಾರ ಹಾಕಲು ಹೋದ. ಅವಳು ಅದನ್ನು ಕೈಯಲ್ಲೇ ಇಸಿದುಕೊಂಡು ರಾಮಮ್ಮನ ಕೊರಳಿಗೆ ಹಾಕಿದಳು.

"ಮೇಡಮ್ಮೋರೇ, ಇದು ಸಾಮಾನ್ಯ ಕೋಟೆ ಅಲ್ಲ. ಆ ಕಾಲದಲ್ಲಿ ಇದರ ನೆರಳು ನರಸೀಪುರದ ಸಂಗಮದಲ್ಲಿ ಬೀಳ್ತಿತ್ತು."

"ಹೌದಾ? ಮಧ್ಯಾಹ್ನಾನೂ?" ಎನ್ನುತ್ತ ಅವಳು ಮೂರು ಕಾಲಿನ ಯಂತ್ರ ನಿಲ್ಲಿಸಿ, ಕಣ್ಣಿಟ್ಟು ನೋಡಿ, ಪುಸ್ತಕದಲ್ಲಿ ಬರೆದಳು. "ಇಪ್ಪತ್ತೊಂದೂವರೆ ಅಡಿ."

"ಬೇಸಿಗೇಲಿ ಕುಗ್ತದೆ ಮೇಡಮ್. ಮಳೆಗಾಲದಲ್ಲಿ ಬನ್ನಿ, ಆಗ ನೋಡಿ."

"ಎತ್ತರದ್ದು ಚಿಂತೆ ಬೇಡಿ. ಕಂಟ್ರಾಕ್ಟರ್ ಕಡೆಯವರು ಇದು ತಾನಾಗೇ ಇರೋ ಗುಡ್ಡ ಅಂತ ಬರೆದಿದ್ದಾರೆ. ಜನ ಕಟ್ಟಿದ್ದು ಅಂತ ತೋರಿಸೋಕೆ ನನಗೆ ಒಳಗಿನ ಮಣ್ಣು ಕಾಣಬೇಕು. ಚೆನ್ನಾಗಿರೋ ಕಡೆ ಅಗೆಯೋದು ನನಗೂ ಇಷ್ಟ ಇಲ್ಲ. ಎಲ್ಲಾದ್ರೂ ಕುಸಿದಿರೋ, ಕಡಿದಿರೋ ಜಾಗ ಇದೆಯಾ?"

"ಕಡಿಯೋದಾ? ಈ ಊರಲ್ಲಾ?" ಸೋಮಶೇಖರ ಎದೆ ಮುಟ್ಟಿಕೊಂಡ. "ಇಲ್ಲಿ ಮಕ್ಕಳು ಕೂಡ ಚಪ್ಪಲಿ ಬಿಟ್ಟು ದಿಬ್ಬ ಹತ್ತೋದು ಮೇಡಮ್."

ಅವಳು ದಿಬ್ಬವನ್ನು ಒಂದು ಸುತ್ತು ಹಾಕಿದಳು. ಪಡುವಣ ಮಗ್ಗುಲಿಗೆ ಬಂದವಳು ನಿಂತಳು. "ಇಷ್ಟೊಂದು ಹಸಿರು ಇಲ್ಲಿ ಮಾತ್ರ ಯಾಕೆ?"

"ಬಾಳೆ ತೋಟದ ತಂಪು."

ಶೃತಿ ಮಂಡಿಯೂರಿ, ಚೀಲದಿಂದ ಸಣ್ಣ ಕರಣೆ ತೆಗೆದು, ಗರಿಕೆ ಹೆಂಟೆಯನ್ನು ಚಪಾತಿ ಎತ್ತುವಂತೆ ಎತ್ತಿ ಪಕ್ಕಕ್ಕಿಟ್ಟಳು. ಕೆರೆದಳು. ಮೊದಲು ಬಂದದ್ದು ಅರ್ಧ ಬಾಚಣಿಗೆ. ಆಮೇಲೆ ಒಂದು ಹಾಲಿನ ಪ್ಯಾಕೆಟ್. ಆಮೇಲೆ ಬಿಸ್ಕತ್ತಿನ ಕಾಗದ.

"ಪಾಳೇಗಾರರು ಬಿಸ್ಕತ್ತು ತಿಂತಿದ್ರಾ?"

"ಇಲಿ ಎಳ್ಕೊಂಡು ಬಂದಿರ್ತವೆ ಮೇಡಮ್. ಈ ಕಡೆ ಇಲಿಗಳು ಭಾರಿ."

ಇನ್ನೊಂದು ಗೇಣು ಕೆರೆದಾಗ ಒಂದು ಮೊಬೈಲಿನ ಹಿಂದಿನ ಕವರ್ ಬಂತು, ಮೇಲೆ ಗುಲಾಬಿ ಹೂವಿನ ಚಿತ್ರ. ಅವಳು ಅದನ್ನು ಎತ್ತಿ ಹಿಡಿದಳು. "ಇದನ್ನೂ ಇಲಿ?"

"ಅದು ಹೆಗ್ಗಣ ಇರ್ಬೇಕು."

"ಅಯ್ಯೋ, ಅದು ನನ್ ಸೊಸೇದು! ಆರ್ ತಿಂಗ್ಳಿಂದ ಉಡುಕ್ತಾವ್ಳೆ!" ಗುಂಪಿನಿಂದ ಯಾರೋ ಹೆಂಗಸು ಕೂಗಿ, ತಕ್ಷಣ ಬಾಯಿಗೆ ಸೆರಗು ಮುಚ್ಚಿಕೊಂಡಳು.

ಶೃತಿ ನಕ್ಕಳು. ನಗುವುದನ್ನು ನಿಲ್ಲಿಸಿ, ದಿಬ್ಬದ ಬುಡದಲ್ಲೇ ಕೂತು ಪುಸ್ತಕ ತೊಡೆಯ ಮೇಲಿಟ್ಟುಕೊಂಡಳು. "ನೋಡಿ, ನಾನು ಕಂಡದ್ದನ್ನ ಬರೀಬೇಕು. ಈಗ ಕಂಡದ್ದು ಏನು? ಮೊನ್ನೆ ಸುರಿದ ಮಣ್ಣು, ಪ್ಲಾಸ್ಟಿಕ್. ಕೋಟೆಯ ಕುರುಹು ಸಿಗಲಿಲ್ಲ. ಇಷ್ಟು ಬರೆದ್ರೆ ದಿಬ್ಬ ರಸ್ತೆಗೆ ಹೋಗತ್ತೆ." ಅವಳು ಪೆನ್ನಿನ ಮುಚ್ಚಳ ತೆಗೆದಳು.

ಸೋಮಶೇಖರ ಆ ಪೆನ್ನಿಗೆ ಅಡ್ಡ ಕೈ ಇಟ್ಟ. "ಸೋಮವಾರದ್ದು ಮೇಡಮ್," ಎಂದ.

"ಏನು ಸೋಮವಾರದ್ದು?"

"ಆ ಮಣ್ಣು. ಮೇಲಿನ ಮಣ್ಣು. ಊರೋರೆಲ್ಲ ಸೇರಿ ತುಂಬಿದ್ದು."

"ಅದಕ್ಕೆ ಮೊದಲು?"

"ಹಳ್ಳ ಇತ್ತು."

"ಹಳ್ಳ ಮಾಡಿದ್ದು ಯಾರು?"

ಊರಿಗೆ ಊರೇ ಏಕಕಾಲದಲ್ಲಿ ಆಕಾಶ ನೋಡತೊಡಗಿತು. ಪುಟ್ಟರಾಜುವಿಗೆ ಕಾಲಿಗೆ ಮುಳ್ಳು ಚುಚ್ಚಿತು. ರಾಮಮ್ಮ ಮಾತ್ರ ಕೊರಳ ಹಾರದ ಒಂದೊಂದೇ ಎಸಳು ಕಿತ್ತು ಹಾಕುತ್ತ ಸೋಮಶೇಖರನನ್ನೇ ನೋಡುತ್ತಿದ್ದಳು.

"ನಾನೇ," ಎಂದ ಸೋಮಶೇಖರ. ಜೀವಮಾನದಲ್ಲಿ ಅವನು ಆಡಿದ ಅತಿ ಚಿಕ್ಕ ಮಾತು ಅದು. "ಬಾಳೆಗೆ ಅಂತ. ಟ್ರ್ಯಾಕ್ಟರ್ನಲ್ಲಿ."

"ಅಂತೂ ಮಳೆ ಬಾಯ್ ಬುಡ್ತು ನೋಡಿ," ಎಂದಳು ರಾಮಮ್ಮ.

ಬಯ್ಯುತ್ತಾಳೆಂದುಕೊಂಡರೆ ಶೃತಿ ಎದ್ದು ನಿಂತು, "ಹಂಗಾದ್ರೆ ಈ ಕಸದ ಹಿಂದೆ ನಿಜವಾದ ಕಡಿತ ಇದೆ! ತೆಗೀರಿ, ಬೇಗ ತೆಗೀರಿ," ಎಂದು ತಾನೇ ಗುದ್ದಲಿಗೆ ಕೈ ಹಾಕಿದಳು. ಒಂದು ಹಗಲು ಹಿಡಿದು ತುಂಬಿದ್ದನ್ನು ದಿಬ್ಬದಹುಂಡಿ ಎರಡೇ ಗಂಟೆಯಲ್ಲಿ ಹೊರಗೆಳೆದು ಹಾಕಿತು. ಕಚ್ಚಿನ ಗೋಡೆ ಬರಿದಾದ ಮೇಲೆ ಅವಳು ಸೋಮಶೇಖರ ಬೆನ್ನಿಗೆ ಕಟ್ಟಿಕೊಂಡು ಗಿಡಕ್ಕೆ ಔಷಧಿ ಹೊಡೆಯುವ ಸ್ಪ್ರೇಯರ್ ತರಿಸಿ, ತೊಳೆಸಿ, ಬರೀ ನೀರು ತುಂಬಿಸಿ, ಮೇಲಿಂದ ಕೆಳಗಿನವರೆಗೆ ಹೊಡೆಸಿದಳು.

ಒಣ ಗೋಡೆಯಲ್ಲಿ ಬೂದಿ ಬಣ್ಣ ಬಿಟ್ಟು ಏನೂ ಇರಲಿಲ್ಲ. ನೀರು ಬಿದ್ದದ್ದೇ ಬಣ್ಣಗಳು ಎದ್ದವು. ಕೆಂಪು ಮಣ್ಣಿನದೊಂದು ತುಂಡು, ಅದರ ಪಕ್ಕ ಕರಿಮಣ್ಣಿನದೊಂದು, ಮೇಲೆ ಸುಣ್ಣಕಲ್ಲು ಬೆರೆತದ್ದೊಂದು. ಪ್ರತಿಯೊಂದೂ ಮೇಲೆ ಚಪ್ಪಟೆ, ಕೆಳಗೆ ದುಂಡು. ಬುಡದಿಂದ ನೆತ್ತಿಯವರೆಗೆ, ಒಂದರ ಮೇಲೊಂದು, ಒಂದರ ಮಗ್ಗುಲಿಗೊಂದು, ನೂರಲ್ಲ, ಸಾವಿರವಲ್ಲ.

"ತಾನಾಗೇ ಬೆಳೆದ ಗುಡ್ಡದಲ್ಲಿ ಹೀಗಿರಲ್ಲ," ಎಂದಳು ಶೃತಿ, ದನಿ ತಗ್ಗಿಸಿ. "ಕಂದಕ ತೋಡಿದ ಮಣ್ಣನ್ನ ಹೊತ್ತು ತಂದು ಇಲ್ಲಿ ಸುರಿದಿದ್ದಾರೆ. ಒಂದೊಂದು ತುಂಡೂ ಒಬ್ಬರು ಒಂದು ಸಲ ತಂದು ಸುರಿದದ್ದು."

ರಾಮಮ್ಮ ಮನೆಗೆ ಹೋಗಿ ಮಂಕರಿ ತಂದಳು. ಯಾರನ್ನೂ ಕೇಳದೆ ಅದನ್ನು ಗೋಡೆಯ ಒಂದು ಕೆಂಪು ತುಂಡಿನ ಮೇಲೆ ಒತ್ತಿ ಹಿಡಿದಳು. ಕೂಡಿತು. ಪಕ್ಕದ ಕರಿ ತುಂಡಿಗೆ ಹಿಡಿದಳು. ಅದೂ ಕೂಡಿತು, ಅಂಚಿನಲ್ಲಿ ಒಂದು ಬೆರಳು ಮಾತ್ರ ಹೆಚ್ಚಾಯಿತು.

"ಇವ್ನು ಒಸಿ ಜಾಸ್ತಿ ತುಂಬವ್ನೆ," ಎಂದಳು, ಎದುರಿಗಿದ್ದವನನ್ನು ಬಯ್ಯುವಂತೆ.

ಸೋಮಶೇಖರ ಆ ಗೋಡೆಯನ್ನು ನೋಡುತ್ತ ನಿಂತ. ಮೀಸೆಯ ಪಾಳೇಗಾರನ ಬಗ್ಗೆ ಅವನು ಇಷ್ಟು ವರ್ಷ ಎಷ್ಟು ಕಥೆ ಹೊಡೆದಿದ್ದರೂ, ಈ ಮಣ್ಣು ಹೊತ್ತವರಿಗೂ ಒಂದು ಕೊರಳು, ಒಂದು ನೆತ್ತಿ ಇತ್ತೆಂದು ಅವನಿಗೆ ಹೊಳೆದಿರಲಿಲ್ಲ. ತನ್ನ ಟ್ರೇಲರಿಗೆ ಇಂಥವು ಎಷ್ಟು ಹಿಡಿಸುತ್ತವೆ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದ. ಎಂದೂ ಲೆಕ್ಕವನ್ನು ಹತ್ತರಿಂದ ಗುಣಿಸುವವನು ಈ ಸಲ ಹತ್ತರಿಂದ ಭಾಗಿಸಿದ. ಆದರೂ ಬಹಳವಾಯಿತು.

ಶೃತಿ ಫೋಟೋ ತೆಗೆದಳು, ಗೆರೆ ಎಳೆದಳು, ಅಳೆದಳು. ಆಮೇಲೆ ಕಂದಕದ ಜಾಡು ಹಿಡಿದು ನಡೆಯುತ್ತ ನಡೆಯುತ್ತ ಸೀದಾ ಬಾಳೆ ತೋಟದೊಳಗೆ ಇಳಿದಳು. "ನಿಮ್ಮ ತೋಟ ಯಾಕೆ ತಗ್ಗಾಗಿದೆ ಅಂತ ಯೋಚಿಸಿದ್ದೀರಾ? ಕಂದಕ ಇಲ್ಲೇ ಹಾದುಹೋಗಿದೆ. ನಿಮ್ಮ ಬಾಳೆ ನಿಂತಿರೋದೇ ಕಂದಕದೊಳಗೆ."

"ಅಂದ್ರೆ ತೋಟಾನೂ ಹೋಯ್ತಾ?" ಎಂದಳು ಸರ್ವಮಂಗಳಾ. ಅವಳ ದನಿ ಏರಿತ್ತು.

"ಇಲ್ಲಮ್ಮ, ಜಮೀನು ನಿಮ್ಮದೇ. ಬಾಳೆ ಬೆಳ್ಕೊಳ್ಳಿ. ನಾನು ಶಿಫಾರಸು ಮಾಡೋದು ಇಷ್ಟು: ದಿಬ್ಬದಿಂದ ಇನ್ನು ಮಣ್ಣು ತೆಗೆಯೋ ಹಂಗಿಲ್ಲ, ಒಂದು ಮಂಕರೀನೂ ಇಲ್ಲ. ಕಂದಕದ ಗೆರೆಯೊಳಗೆ ಟ್ರ್ಯಾಕ್ಟರ್ ಇಳಿಸೋ ಹಂಗಿಲ್ಲ, ಆಳವಾಗಿ ತೋಡೋ ಹಂಗಿಲ್ಲ." ಅವಳು ಸೋಮಶೇಖರನ ಕಡೆ ತಿರುಗಿದಳು. "ಇನ್ನೊಂದು. ಈ ಕಡಿತ ಯಾರು ಮಾಡಿದ್ದು, ಯಾವಾಗ, ಮೇಲೆ ಯಾವ ಮಣ್ಣು ತುಂಬಿದ್ರಿ ಅಂತ ನೀವು ಬರೆದು ಸಹಿ ಹಾಕಬೇಕು. ಇಲ್ಲಾಂದ್ರೆ ಆ ಕಡೆಯವರು, ಗೋಡೆ ಪೂರ್ತಿ ಊರವರೇ ಮೊನ್ನೆ ಸುರಿದು ಮಾಡಿದ್ದು ಅಂತಾರೆ. ನನ್ನ ಫೋಟೋಗೆ ಬೆಲೆ ಇರಲ್ಲ. ಯೋಚನೆ ಮಾಡಿ. ನಾನು ಟೀ ಕುಡಿದು ಬರ್ತೀನಿ."

ಪುಟ್ಟರಾಜು ಸೋಮಶೇಖರನನ್ನು ಒಂದು ಬಾಳೆಯ ಹಿಂದಕ್ಕೆ ಎಳೆದ. "ಲೇ, ಸೈನ್ ಆಕ್ಬೇಡ ಕಣ್ಲಾ. ಆಕುದ್ರೆ ಕಳ್ಳ ನೀನೇ ಅಂತ ಸರ್ಕಾರದ ಕಾಗದದಲ್ಲಿ ಅಚ್ಚಾಯ್ತದೆ. ಮಣ್ಣೂ ಇಲ್ಲ, ಟ್ರ್ಯಾಕ್ಟರೂ ಇಲ್ಲ. ಟಿಪ್ಪರ್ ಬಂದ್ರೆ ಅವರತ್ರ ಮಾತಾಡಿ ಇನ್ನೂರ್ ಲೋಡು ನಿನ್ ತೋಟಕ್ಕೇ ಉಯ್ಸುಮ. ಹತ್ತು ವರ್ಸುಕ್ಕೆ ಆಯ್ತದೆ."

ಇದು ಪುಟ್ಟರಾಜು ಜನ್ಮದಲ್ಲಿ ಹೇಳಿದ ಮೊದಲ ಬುದ್ಧಿವಂತ ಮಾತು. ಇನ್ನೂರು ಲೋಡು! ನೂರಿಪ್ಪತ್ತು ಗಿಡಕ್ಕೆ, ಅವುಗಳ ಮಕ್ಕಳಿಗೆ, ಮೊಮ್ಮಕ್ಕಳಿಗೆ ಸಾಕು. ಸೋಮಶೇಖರ ಬಾಳೆಯೊಂದರ ಕಾಂಡಕ್ಕೆ ಕೈ ಊರಿದ. ತಣ್ಣಗಿತ್ತು. ಅವ್ವನ ಬಾಳೆ. ಅಲ್ಲಿಂದ ಕಚ್ಚಿನ ಗೋಡೆ ಕಾಣುತ್ತಿತ್ತು; ನೀರು ಆರುತ್ತ ಬಂದಂತೆ ಕೆಂಪು, ಕಪ್ಪು ಎಲ್ಲ ಮೇಲಿಂದ ಒಂದೊಂದಾಗಿ ಮಾಸಿ ಮತ್ತೆ ಬೂದಿಯಾಗುತ್ತಿದ್ದವು. ರಾಮಮ್ಮ ಅದರ ಮುಂದೆ ಕುಕ್ಕರಗಾಲಲ್ಲಿ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಳು.

ಅವನು ಹೋಗಿ ಪಕ್ಕದಲ್ಲಿ ಕೂತ. "ಅವ್ವಾ, ನಾನು ಸೈನ್ ಆಕುದ್ರೆ ನಿನ್ ಮಂಕರೀನೂ ನಿಂತೋಯ್ತದೆ. ಇನ್ಮೇಲೆ ಹೊನ್ನಾರಿಗೆ ಮಣ್ಣಿಲ್ಲ. ಊರೋರು ನನ್ನ ಸುಮ್ಕೆ ಬುಟ್ಟಾರಾ?"

"ಬುಡದಿಲ್ಲ," ಎಂದಳು ರಾಮಮ್ಮ. "ನಾನೂ ಬುಡದಿಲ್ಲ. ಸಾಯಗಂಟ ಬಯ್ತೀನಿ." ಸುಣ್ಣ ಸವರಿದ ಎಲೆಯನ್ನು ಮಡಿಚಿ ದವಡೆಗೆ ಇಟ್ಟುಕೊಂಡಳು. "ಆದ್ರೂ ಸೋಮ, ಕೊಟ್ಟು ಕೊಟ್ಟು ಅದ್ಕೂ ಸಾಕಾಗಿರ್ತದೆ ಕಣ್ಲಾ. ನಮ್ಮತ್ತೆ ಕಾಲ್ದಲ್ಲಿ ಇದು ಎಷ್ಟ್ ಎತ್ರ ಇತ್ತು ಅಂತೀಯೆ. ನಾನೂ ಒಂದೊಂದೇ ಮಂಕರಿ ಅಂತ ಅಳ್ದೂ ಅಳ್ದೂ ತಗ್ಸಿವ್ನಿ. ನೀನು ಒಟ್ಗೆ ತಿಂದೆ, ನಾವು ಒಸ್ ಒಸಿ ತಿಂದೊ. ಟಿಪ್ಪರ್ನೋನು ಇದ್ನ ಮಣ್ಣು ಅಂತಾನೆ. ಮಣ್ಣು ಅಂದವ್ನ ಬಾಯಿಗೆ ಆಕ್ಬೇಡ."

ಶೃತಿ ಟೀ ಮುಗಿಸಿ ಬಂದಾಗ ಸೋಮಶೇಖರ ಕಾಗದಕ್ಕೆ ಕೈ ಚಾಚಿದ. ಬರೆದ. ಮೂರು ವರ್ಷ, ಮಧ್ಯಾಹ್ನದ ಹೊತ್ತು, ನನ್ನ ಟ್ರ್ಯಾಕ್ಟರ್, ನನ್ನ ಬಾಳೆಗೆ. ಎಷ್ಟು ಲೋಡು ಎನ್ನುವಲ್ಲಿ ಪೆನ್ನು ಸ್ವಲ್ಪ ಹೊತ್ತು ನಿಂತಿತು. ಹೆಚ್ಚು ಬರೆಯಬೇಕೆಂಬ ಹಳೆಯ ಚಪಲ ಒಂದು ಕಡೆ, ಕಡಿಮೆ ಬರೆಯಬೇಕೆಂಬ ಹೊಸ ಭಯ ಇನ್ನೊಂದು ಕಡೆ. ಕೊನೆಗೆ ಇದ್ದದ್ದನ್ನೇ ಬರೆದ: ಅರವತ್ತೆಂಟು. ಸಹಿ ಹಾಕುವಾಗ ಗುಂಪಿನಲ್ಲಿ ಯಾರೋ "ಕಳ್ ನನ್ ಮಗ" ಎಂದರು, ಇನ್ಯಾರೋ ಚಪ್ಪಾಳೆ ತಟ್ಟಿದರು. ಎರಡೂ ಅವನಿಗೆ ಕೇಳಿಸಿದವು.

ವರದಿ ಹೋಯಿತು. ಕಂಟ್ರಾಕ್ಟರನ ಅರ್ಜಿ ತಿರಸ್ಕಾರವಾಯಿತು, ಟಿಪ್ಪರ್‌ಗಳು ಬೇರೆ ದಿಕ್ಕು ಹಿಡಿದವು. ಬೋರ್ಡು ಇನ್ನೂ ಬಂದಿಲ್ಲ; ಸರ್ಕಾರದ ಬೋರ್ಡು ಆಮೆಯ ಮೇಲೆ ಕೂತು ಬರುತ್ತದೆ, ಆ ಆಮೆಗೂ ಭಾನುವಾರ ರಜಾ. ಬೋರ್ಡಿಲ್ಲದಿದ್ದರೂ ಸೋಮಶೇಖರನ ಟ್ರ್ಯಾಕ್ಟರ್ ಈಗ ಕಂದಕದ ಆಚೆಗೇ ನಿಲ್ಲುತ್ತದೆ. ಅಲ್ಲಿಂದ ತೋಟಕ್ಕೆ ಕೊಟ್ಟಿಗೆ ಗೊಬ್ಬರವನ್ನು ಅವನು ತಲೆಯ ಮೇಲೆ ಹೊತ್ತು ಇಳಿಸುತ್ತಾನೆ. ಹೊಟ್ಟೆ ಅರವತ್ತರಿಂದ ಐವತ್ತಕ್ಕೆ ಇಳಿದಿದೆ. ಊರಿನವರು ಅವನನ್ನು ಕಂಡಾಗಲೆಲ್ಲ "ಏನಣ್ಣ, ಮಳೆ ಬತ್ತದಾ?" ಎಂದು ಕೇಳುವುದನ್ನು ಬಿಟ್ಟಿಲ್ಲ.

ಮುಂಗಾರು ಹಿಡಿದ ಮೇಲೆ ಒಂದು ಬೆಳಿಗ್ಗೆ ಗಂಡ ಹೆಂಡತಿ ಇಬ್ಬರೂ ತೋಟದಲ್ಲಿ ಕಂದು ತೆಗೆಯುತ್ತಿದ್ದರು. ದಿಬ್ಬದ ಮಣ್ಣು ಕಾಣದ ಮೊದಲ ಮಳೆಗಾಲ ಅದು. ಒಂದು ಗಿಡದ ಕೆಳಗಿನ ಎಲೆಯ ಅಂಚು ಸ್ವಲ್ಪ ಹಳದಿಯಾದ ಹಾಗಿತ್ತು, ಅಥವಾ ಬಿಸಿಲು ಬಿದ್ದು ಹಾಗೆ ಕಂಡಿತೋ. ಸರ್ವ​ಮಂಗಳಾ ಆ ಎಲೆಯನ್ನು ಹಿಡಿದು ನೋಡಿದಳು.

"ರೀ, ಬದುಕ್ತವಾ ಇವು?"

ಹಿಂದಿನ ಸೋಮಶೇಖರನಾಗಿದ್ದರೆ, ತೆಂಗಿನಮರದ ಎತ್ತರಕ್ಕೆ ಹೋಗುತ್ತವೆ, ಗೊನೆ ಇಳಿಸಲು ಹೆಲಿಕಾಪ್ಟರ್ ಬರಬೇಕಾಗುತ್ತದೆ ಎನ್ನುತ್ತಿದ್ದ. ಅವನು ಮಂಡಿಯೂರಿ ಬುಡದ ಮಣ್ಣನ್ನು ಒಂದು ಹಿಡಿ ಎತ್ತಿ, ಬೆರಳಲ್ಲಿ ಹಿಸುಕಿ, ಮೂಸಿ ನೋಡಿದ.

"ಗೊತ್ತಿಲ್ಲ ಕಣೆ," ಎಂದ.

ಸರ್ವಮಂಗಳಾ ಕುಡುಗೋಲು ಕೆಳಗಿಟ್ಟು, ಕೈಯನ್ನು ಸೆರಗಿಗೆ ಒರೆಸಿಕೊಂಡು, ಗಾಬರಿಯಿಂದ ಅವನ ಹಣೆ ಮುಟ್ಟಿ ನೋಡಿದಳು.